ಅಕ್ಕನ ಟಾನಿಕ್ಕು, ಭಾವನ ಹೊಟ್ಟೆ

ಹೆಂಡತಿಗೆ ಬರೆದುಕೊಟ್ಟ ಔಷಧಿಯನ್ನು ತಾನು ಕುಡಿದು ದುಂಡಗಾದ ಗಂಡಸು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನಮ್ಮ ಭಾವ! ನಗಬೇಡಿ. ಅದರಲ್ಲಿ ಅರ್ಧ ಪಾಪ ನನ್ನದೂ ಇದೆ.

ಐವತ್ತರ ದಶಕದ ಮಾತು. ನಮ್ಮದು ಚಾಮರಾಜನಗರದ ಪಕ್ಕದ ಹರದನಹಳ್ಳಿ. ಅಕ್ಕನನ್ನು ಗುಂಡ್ಲುಪೇಟೆಗೆ ಕೊಟ್ಟಿದ್ದೆವು. ಇಪ್ಪತ್ತು ಜನರ ತುಂಬಿದ ಮನೆ. ಭಾವನದು ಬೆಲ್ಲದ ಮಂಡಿ. ಮದುವೆಯಾದ ಎರಡನೇ ವರ್ಷ ಅಕ್ಕನಿಗೆ ಟೈಫಾಯಿಡ್ ಬಂತು. ಜ್ವರ ಬಿಟ್ಟರೂ ಸುಸ್ತು ಬಿಡದೆ, ಕಡ್ಡಿಯಾಗಿ ತವರಿಗೆ ಬಂದಳು. ಡಾಕ್ಟರು, "ದಿನಾ ಒಂದು ವಿಟಮಿನ್ ಟಾನಿಕ್ ಕೊಡಿ, ಯಾವುದಾದರೂ ಸರಿ" ಎಂದರು. ಅಪ್ಪ ತನ್ನದೊಂದು ಷರತ್ತು ಸೇರಿಸಿದ.

"ಬಾವಿಯಿಂದ ಅಡಿಗೆಮನೆಗಂಟ ತುಂಬಿದ್ ಕೊಡವ ಎಲ್ಲೂ ಇಳಿಸ್ದೆ ತರ್ಲಿ. ಅವತ್ತೇ ಕಳಿಸ್ತೀನಿ. ಅಲ್ಲೀಗಂಟ ನನ್ ಮಗಳು ಇಲ್ಲೇ ಇರ್ತಾಳೆ."

ಡಾಕ್ಟರು ಮಾಡಿದ ತಪ್ಪು ನೋಡಿ! 'ಯಾವುದಾದರೂ ಸರಿ' ಎಂದು ಬೆಲ್ಲದ ವ್ಯಾಪಾರಿಗೆ ಹೇಳಬಹುದೇ? ಪ್ರತಿ ಗಾಡಿಯಿಂದ ಒಂದಚ್ಚು ಎತ್ತಿ, ಮೂಲೆ ಮುರಿದು ನಾಲಿಗೆಗಿಟ್ಟು, ಕಣ್ಣು ಮುಚ್ಚಿ ಧ್ಯಾನ ಮಾಡಿ, ಆಮೇಲೆ ದರ ಮಾತಾಡುವ ಜನ ಅವರು!

ಸೋಮವಾರ ಮಂಡಿಗೆ ರಜ. ಮೊದಲ ಬಸ್ಸಿಗೇ ಭಾವ ಚಾಮರಾಜನಗರದಲ್ಲಿ ಇಳಿಯುತ್ತಿದ್ದರು. ಎಸ್.ಎಸ್.ಎಲ್.ಸಿ. ಮುಗಿಸಿ ಕೆಲಸಕ್ಕೆ ಅಲೆಯುತ್ತಿದ್ದ ನಾನು ಸೀಸೆಯ ಮೇಲಿನ ಇಂಗ್ಲಿಷ್ ಓದಲು ಹಾಜರ್. ಅಲ್ಲಿಂದ ನೇರ ಸಾಹೇಬರ ಔಷಧಿ ಅಂಗಡಿಗೆ.

"ಸಾಬ್ರೆ, ಮುಚ್ಚಳ ತೆಗೀರಿ, ಒಂದ್ ತೊಟ್ಟು ನೋಡನ."

"ಯಜಮಾನ್ರೇ, ಇದು ಟಾನಿಕ್ಕು, ಬೆಲ್ಲ ಅಲ್ಲ! ಸೀಲ್ ಒಡೆದ್ರೆ ಆಮೇಲೆ ಯಾರು ತಗೋತಾರೆ?"

"ನೋಡ್ದೆ ಯಾರ್ ತಗಂಡಾರು?" ಎಂದು ನನ್ನ ಕಡೆ ತಿರುಗಿದರು. "ಏನೇನ್ ಹಾಕವ್ರೆ ಓದ್ಲಾ."

"ಎ, ಬಿ, ಸಿ, ಡಿ."

"ಅಲ್ಲೀಗೇ ನಿಂತೋಯ್ತಾ? ಇಪ್ಪತ್ತಾರು ಅಕ್ಷರ ಅವೆ ಅಂತಿದ್ದೆ! ಮಿಕ್ಕಿದ್ದೆಲ್ಲ ಏನಾಯ್ತು ಸಾಬ್ರೆ?"

ಸಾಹೇಬರು ಟೋಪಿ ತೆಗೆದು ಗಾಳಿ ಹಾಕಿಕೊಂಡರು.

ಕೊಂಡ ಸೀಸೆ ಅಕ್ಕನಿಗೆ ಹೋಗುತ್ತಿತ್ತು ಅಂದುಕೊಂಡಿರಾ? ಎಲ್ಲಿಯ ಮಾತು! ಮೊದಲು ಗುಂಡ್ಲುಪೇಟೆಗೆ ಹೋಗಿ ಭಾವನ ಹೊಟ್ಟೆಯಲ್ಲಿ ಒಂದು ವಾರ ಪರೀಕ್ಷೆಗೆ ಕೂರಬೇಕು. ಪಾಸಾದರೆ ಉಳಿದರ್ಧ ಅಕ್ಕನಿಗೆ. ಹೀಗೆ ಆರು ತಿಂಗಳಲ್ಲಿ ಭಾವನ ಅಂಗಿಯ ಗುಂಡಿಗಳು ಒಂದೊಂದಾಗಿ ರಾಜೀನಾಮೆ ಕೊಟ್ಟವು.

ಒಂದು ಸಲ ಹಳದಿ ಮಾತ್ರೆ ತಂದೆವು, ಮಣಿಯ ಹಾಗೆ ಹೊಳೆಯುತ್ತಿದ್ದವು. ಭಾವ ವಾರ ಪೂರ್ತಿ ನುಂಗಿದರು. ಮುಂದಿನ ಸೋಮವಾರ ಸೀಸೆಯ ಬೆನ್ನು ತಿರುಗಿಸಿ ಸಣ್ಣಕ್ಷರ ಓದಿದ ನನಗೆ ನಾಲಿಗೆಯ ಪಸೆ ಆರಿತು. ಮೀನೆಣ್ಣೆ! ಎರಡೂ ಮನೆ ಲಿಂಗ ಕಟ್ಟಿದ ಮನೆ ಸ್ವಾಮಿ, ಮೊಟ್ಟೆಯ ಹೆಸರೆತ್ತಿದರೂ ಬಾಯಿ ತೊಳೆಯುವವರು! ಭಾವ ನಮ್ಮ ಬಾವಿಕಟ್ಟೆಯಲ್ಲಿ ಹನ್ನೊಂದು ಕೊಡ ನೀರು ಸುರಿದುಕೊಂಡು, ಮೈತುಂಬ ವಿಭೂತಿ ಬಳಿದುಕೊಂಡು, ಹಲ್ಲು ಕಟಕಟ ಎನ್ನಿಸುತ್ತ ಅಂದರು:

"ನಾ ನುಂಗಿದ್ದೇ ಒಳ್ಳೇದಾಯ್ತು ಬುಡ್ಲಾ. ಅವಳ್ ನುಂಗಿದ್ರೆ ಎಷ್ಟ್ ನೊಂದ್ಕತಿದ್ಲು."

ಆಮೇಲೆ ಎಂದಿನಂತೆ ಜಗಲಿಯ ಮೇಲೆ ಕೂತು, ಪಾಸಾದ ಹಳೇ ಟಾನಿಕ್ಕನ್ನು ಚಮಚಕ್ಕೆ ಬಗ್ಗಿಸಿ ಅಕ್ಕನಿಗೆ ಕುಡಿಸಿದರು. ಒಂದು ಚಮಚಕ್ಕೆ ಒಂದು ಗಂಟೆ! ಏನು ಮಾತೋ, ಏನು ನಗುವೋ. ಔಷಧಿಯ ವಿಷಯವೆಂದು ಅವ್ವ ಆ ಕಡೆ ತಲೆ ಹಾಕುತ್ತಿರಲಿಲ್ಲ. ಅದು ಮುಗಿದ ಮೇಲೆ ಅಕ್ಕ ಅಪ್ಪನ ಮುಂದೆ ಕೊಡ ಎತ್ತುವಳು. ನುಗ್ಗೆ ಮರದವರೆಗೆ ಬಂದು ಏದುಸಿರು ಬಿಟ್ಟು ಇಳಿಸುವಳು. "ಇನ್ನೂ ಶಕ್ತಿ ಬಂದಿಲ್ಲ" ಎಂದು ಅಪ್ಪ ಎಲೆಯಡಿಕೆ ಹಾಕಿಕೊಳ್ಳುವನು. ಭಾವ ಮುಖ ಸಣ್ಣದು ಮಾಡಿಕೊಂಡು ಬಸ್ಸಿಗೆ ಹೊರಡುವರು.

ಒಂದು ಬುಧವಾರ ಹಿತ್ತಲಿಗೆ ಹೋದವನು ದಂಗಾಗಿ ನಿಂತೆ. ಅಕ್ಕ ತಲೆಯ ಮೇಲೊಂದು, ಸೊಂಟದಲ್ಲೊಂದು ತುಂಬಿದ ಕೊಡ ಹೊತ್ತು ಸರಸರ ಬರುತ್ತಿದ್ದಳು!

"ಯಾರ್ಗೂ ಯೋಳ್ಬ್ಯಾಡ ಕಣ್ಲಾ," ಎಂದಳು. ಕಣ್ಣಲ್ಲಿ ನೀರು. "ಆ ಮನೇಲಿ ಅಗಲೊತ್ತು ಗಂಡನ ಮುಂದೆ ನಿಂತ್ರೆ ನಾಚ್ಕೆಗೆಟ್ಟೋಳು ಅಂತಾರೆ. ಎರಡ್ ವರ್ಸ ಒಂದೇ ಸೂರಡೀಲಿದ್ದೆ. ಅವ್ರು ಇಷ್ಟು ಚೆಂದಾಗಿ ಮಾತಾಡ್ತಾರೆ ಅಂತ ತಿಳಿದಿದ್ದು ಈ ಜಗಲೀಲಿ. ಅಲ್ಲೀಗೋದ್ರೆ ಅವ್ರು ಮತ್ತೆ ಸಿಕ್ಕಲ್ಲ ಕಣ್ಲಾ."

ನನ್ನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುತ್ತದೆಯೇ? ಸೋಮವಾರ ಬಸ್ ಸ್ಟ್ಯಾಂಡಿನಲ್ಲೇ ಭಾವನಿಗೆ ಒದರಿಬಿಟ್ಟೆ. ಅವರು ಬೆಚ್ಚಲಿಲ್ಲ.

"ಗೊತ್ತು ಕಣ್ಲಾ. ಚಮಚ ಕೊಡುವಾಗ ಅಂಗೈ ನೋಡಿವ್ನಿ. ಬಾವಿ ಹಗ್ಗ ಎಳ್ದು ಎಳ್ದು ಜಡ್ಡುಗಟ್ಟದೆ."

"ಮತ್ತೆ ಟಾನಿಕ್ ಯಾಕೆ ಹುಡುಕ್ತೀರಿ ಭಾವ?"

"ನೆಪ ಇಲ್ದೆ ಅಳಿಯ ಆದೋನು ವಾರ ವಾರ ಮಾವನ ಮನೆ ಬಾಗ್ಲಲ್ಲಿ ನಿಂತ್ರೆ ಊರು ನಗಲ್ವಾ?" ಬಿಗಿದ ಅಂಗಿಯನ್ನು ಕೆಳಗೆಳೆದುಕೊಂಡರು. "ಮಿಕ್ಕಿದ್ ಆರು ದಿನ ಹೆಂಗ್ ಕಳೀತೀನಿ ಅಂತ ನಂಗೇ ಗೊತ್ತು. ಅನ್ನ ಇಳಿಯಕಿಲ್ಲ ಕಣ್ಲಾ."

ನಾನು ಅವರ ಹೊಟ್ಟೆ ನೋಡಿದೆ. ಆದರೆ ಅವರ ಕಣ್ಣು ನೋಡಿದ ಮೇಲೆ ನಗು ಬರಲಿಲ್ಲ.

ಮುಂದಿನ ವಾರ ಭಾವನ ತಾಯಿಯೇ ಜೊತೆಗೆ ಬಂದರು, ಸೊಸೆಯನ್ನು ಯಾವಾಗ ಕಳಿಸುತ್ತೀರಿ ಎಂದು ಕೇಳಲು. ಭಾವ ಅಂದು ತಂದಿದ್ದ ಸೀಸೆಯನ್ನು ಅಪ್ಪ ನನ್ನ ಕೈಗೆ ಕೊಟ್ಟ. "ಇದ್ರಲ್ಲಿ ಏನ್ ಬರ್ದದೆ ಸರಿಯಾಗಿ ಓದ್ಲಾ. ಮೀನು ಗೀನು ಅಂದ್ರೆ ಕಾಲ್ ಮುರಿತೀನಿ."

ಬಾಗಿಲ ಸಂದಿಯಲ್ಲಿ ಅಕ್ಕ ನಿಂತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, ಸೀಸೆಯ ಬೆನ್ನು ತಿರುಗಿಸಿ, ಗಟ್ಟಿಯಾಗಿ ಓದಿದೆ:

"ದಿನಾ ಸಾಯಂಕಾಲ ಒಂದು ಚಮಚ. ಗಂಡನಾದವನೇ ಕೈಯಾರೆ ಕುಡಿಸತಕ್ಕದ್ದು. ಕುಡಿದ ಮೇಲೆ ಇಬ್ಬರೂ ಒಂದು ಗಂಟೆ ಒಂದೇ ಕಡೆ ಕೂತಿರತಕ್ಕದ್ದು. ಗುಣವಾದ ಮೇಲೂ ನಿಲ್ಲಿಸಕೂಡದು."

ಭಾವನ ತಾಯಿ ಕೆನ್ನೆಯ ಮೇಲೆ ಕೈಯಿಟ್ಟುಕೊಂಡರು. "ಇಂಗ್ಲೀಸ್ನೋರೇ ಬರ್ದವ್ರೆ ಅಂದ್ಮೇಲೆ ನಾವೇನ್ ಮಾಡಕಾದದು! ಅಂಗೇ ಕುಡಿಸ್ಲಿ."

ಅಕ್ಕ ಬಾವಿಗೆ ಹೋದಳು. ಕೊಡ ಎತ್ತಿ ನುಗ್ಗೆ ಮರ ದಾಟಿದಳು, ಜಗಲಿ ದಾಟಿದಳು, ಅಡಿಗೆಮನೆಯಲ್ಲೇ ಇಳಿಸಿದಳು. ಸಾಯಂಕಾಲದ ಬಸ್ಸಿಗೆ ಮೂವರೂ ಹೊರಟುಹೋದರು. ಮರುವಾರ ಭಾವ ಬರುವುದಿಲ್ಲವೆಂದು ಗೊತ್ತಿದ್ದೂ ನಾನು ಬಸ್ ಸ್ಟ್ಯಾಂಡಿಗೆ ಹೋಗಿ ನಿಂತಿದ್ದೆ.

ಎರಡು ವರ್ಷದ ಮೇಲೆ ಗುಂಡ್ಲುಪೇಟೆಗೆ ಹೋದಾಗ ದೀಪ ಹಚ್ಚುವ ಹೊತ್ತು. ಜಗಲಿಯ ಮೂಲೆಯಲ್ಲಿ ಅವರಿಬ್ಬರೂ ಕೂತಿದ್ದರು. ಮಾತಾಡಿಸಲು ಹೋದ ನನ್ನನ್ನು ಭಾವನ ತಾಯಿ ತಡೆದರು. "ಈಗ್ ಓಗ್ಬ್ಯಾಡ ಕಣಪ್ಪ, ಟಾನಿಕ್ ಕುಡೀತಾವ್ಳೆ." ಆಮೇಲೆ ಸೀಸೆಗೆ ಬೆರಳಿಟ್ಟು ನಾಲಿಗೆಗೆ ತಾಗಿಸಿದೆ. ಬೆಲ್ಲದ ನೀರು!

ಈಗ ಅವರಿಬ್ಬರೂ ಇಲ್ಲ. ನನಗೂ ಡಾಕ್ಟರು ದಿನಕ್ಕೊಂದು ವಿಟಮಿನ್ ಮಾತ್ರೆ ಬರೆದುಕೊಟ್ಟು, ಯಾವುದಾದರೂ ಸರಿ ಎಂದಿದ್ದಾರೆ. ನನ್ನವಳು ಹೋಗಿ ಇದು ನಾಲ್ಕನೇ ವರ್ಷ. ಅಂಗಡಿಯಲ್ಲಿ ನಿಂತು ಒಂದೊಂದೇ ಡಬ್ಬಿಯ ಬೆನ್ನು ತಿರುಗಿಸಿ ಓದುತ್ತೇನೆ. ಅಂಗಡಿಯ ಹುಡುಗಿ, "ಏನ್ ಹುಡುಕ್ತಿದೀರಿ ತಾತ?" ಎನ್ನುತ್ತಾಳೆ. ಇಬ್ಬರೂ ಒಂದು ಗಂಟೆ ಒಂದೇ ಕಡೆ ಕೂತಿರತಕ್ಕದ್ದು ಎಂದು ಯಾವುದರಲ್ಲೂ ಬರೆದಿಲ್ಲವಮ್ಮ ಎಂದು ಅವಳಿಗೆ ಹೇಗೆ ಹೇಳಲಿ?