ಕಾಟಮ್ಮನ ಸರ್ಕಾರಿ ಹಲ್ಲು

ಕಳ್ಳಂಬೆಳ್ಳ ಹೋಬಳಿಯ ಮುದುಕ ಮುದುಕಿಯರ ಬಾಯೊಳಗಿನ ಸಮಸ್ತ ಹಲ್ಲುಗಳೂ ಮಹಾರಾಜರ ಸರ್ಕಾರದ ನಿಗಾದಲ್ಲಿದ್ದ ಕಾಲವದು. ದಿನಕ್ಕೊಂದು ವಿಟಮಿನ್ ಗುಳಿಗೆಯನ್ನು ವರ್ಷಗಟ್ಟಲೆ ತಿಂದರೆ ಮುಪ್ಪಿನಲ್ಲೂ ಹಲ್ಲು ನಿಲ್ಲುತ್ತದೆಯೇ ಎಂದು ಅರಿಯಲು ಸಿರಾದಲ್ಲಿ ವೃದ್ಧದಂತ ಪರಿಶೀಲನಾ ಕಚೇರಿಯೇ ತೆರೆದಿತ್ತು. ಆರನೇ ವರ್ಷದ ಹೊತ್ತಿಗೆ ಇಡೀ ಹೋಬಳಿಯಲ್ಲಿ ಉಳಿದದ್ದು ಒಂದೇ ಹಲ್ಲು. ಅದು ಕಾಟಮ್ಮನ ಬಾಯಲ್ಲಿತ್ತು, ಮತ್ತು ನೋಯುತ್ತಿತ್ತು.

ಮುದ್ದೆ ನುಂಗುವ ಸೀಮೆಯಲ್ಲಿ ಹಲ್ಲಿನ ಹಂಗು ಯಾರಿಗಿದೆ? ಆದರೆ ಈ ನೋವು ನುಂಗಲೂ ಬಿಡದು. ಊದಿದ ಕೆನ್ನೆ ಹೊತ್ತು ಕಾಟಮ್ಮ ಸಿರಾಕ್ಕೆ ಹೋಗಿ, ಕೀಳಿಸಲು ಅಪ್ಪಣೆ ಕೇಳಿದಳು.

ಇನ್‌ಸ್ಪೆಕ್ಟರ್ ಚಂದ್ರಶೇಖರಯ್ಯನವರು ಗಾಬರಿಯಾದರು. ಹಲ್ಲು ಹೋದರೆ ಕಚೇರಿ ಹೋಗುತ್ತದೆ, ಕಚೇರಿಯ ಜೊತೆ ತಾವೂ. "ನೋವು ನಿಮ್ಮ ಸ್ವಂತದ್ದಮ್ಮ. ಹಲ್ಲು ಸರ್ಕಾರದ್ದು," ಎಂದರು.

"ಅಂಗಾರೆ ನೋವ್ನೂ ಸರ್ಕಾರವೇ ಮಡೀಕ್ಕಳ್ಲಿ ಸ್ವಾಮಿ."

ನಿಯಮಾವಳಿಯಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಗುಳಿಗೆ ಸರಿಯಾಗಿ ತಿಂದಿರೋ ಇಲ್ಲವೋ ಎಂದು ವಿಚಾರಿಸಲಾಗಿ, ವಾಸನೆ ತಡೆಯದೆ ಮೊದಲ ದಿನದಿಂದಲೂ ಮಾರಮ್ಮನಿಗೆ ಹರಕೆ ಬಿಟ್ಟ ಟಗರಿಗೆ ಬೆಲ್ಲದಲ್ಲಿಟ್ಟು ತಿನ್ನಿಸಿದ್ದಾಗಿ ಕಾಟಮ್ಮ ಒಪ್ಪಿಕೊಂಡಳು. ಅಷ್ಟು ವಯಸ್ಸಿನ ಟಗರಿಗೆ ಹಲ್ಲುದುರಬೇಕಿತ್ತು, ಇದಕ್ಕೆ ಇನ್ನೂ ಬಾಯಿ ತುಂಬ ಇವೆ ಎಂದೂ ಸೇರಿಸಿದಳು.

ಇನ್‌ಸ್ಪೆಕ್ಟರು ಅಂದೇ ಕಾಟಮ್ಮನ ಕೊಟ್ಟಿಗೆಗೆ ಬಂದು ಟಗರಿನ ತುಟಿ ಎತ್ತಿದರು. ಕೆಳಗೆ ಮುಂದಿನ ಹಲ್ಲು ಎಂಟು, ಮೇಲೆ ಕುರಿಜಾತಿಗೆ ಸಹಜವಾದ ಬೋಳು.

"ಗುಳಿಗೆ ತಿಂದವರೇ ಫಲಾನುಭವಿ. ಇನ್ನು ಮೇಲೆ ದಫ್ತರದಲ್ಲಿ ಕಾಟಮ್ಮ ಅಂದರೆ ಇದೇ. ಹೆಸರು ಬದಲಾಯಿಸೋಕೆ ಮೈಸೂರಿಗೆ ಬರೀಬೇಕು, ಅದೆಲ್ಲ ತಾಪತ್ರಯ. ನಿಮ್ಮ ಹಲ್ಲು ಬೇಕಾದರೆ ಕೀಳಿಸಿಕೊಳ್ಳಿ, ಆದರೆ ಇದನ್ನ ಕಡಿಯೋ ಹಾಗಿಲ್ಲ."

ಕಾಟಮ್ಮ ಒಂದು ಗಳಿಗೆ ಮಾರಮ್ಮನ ಕೋಪವನ್ನೂ ಕೆನ್ನೆಯ ಬಾವನ್ನೂ ತೂಗಿ ನೋಡಿದಳು. "ಮಾರಮ್ಮಂಗೆ ನಾನ್ ಹೇಳ್ಕತೀನಿ ಬುಡಿ," ಎಂದವಳೇ ಕಮ್ಮಾರ ಬೋರಪ್ಪನ ಇಕ್ಕಳದ ಮುಂದೆ ಬಾಯಿ ತೆರೆದು ಕೂತಳು.

ಮೈಸೂರಿಗೆ ವರದಿ ಹೋಯಿತು: "ಒಂದೇ ಹಲ್ಲಿದ್ದ ಕಾಟಮ್ಮನವರ ಕೆಳದವಡೆಯಲ್ಲಿ ಸದರಿ ಗುಳಿಗೆಯ ದೆಸೆಯಿಂದ ಎಂಟು ಹಲ್ಲುಗಳು ಕಂಡುಬಂದಿವೆ. ಮೇಲ್ದವಡೆಯ ವಿಷಯ ಪರಿಶೀಲನೆಯಲ್ಲಿದೆ." ಸಂತೋಷಗೊಂಡ ಸರ್ಕಾರ ಯೋಜನೆಯನ್ನು ಮಧುಗಿರಿ, ಕೊರಟಗೆರೆ, ಪಾವಗಡಗಳಿಗೂ ವಿಸ್ತರಿಸಿತು.

ಸಿರಾದಲ್ಲಿ ಸನ್ಮಾನ ನಡೆಯಿತು. ಶ್ರೀಮತಿ ಕಾಟಮ್ಮನವರು ವೇದಿಕೆಗೆ ಬರಬೇಕೆಂದು ಕೂಗಲಾಗಿ, ಟಗರನ್ನು ಹತ್ತಿಸಿದರು. ಹೊದಿಸಿದ ಶಾಲಿನಲ್ಲಿ ಅರ್ಧವನ್ನು ಅದು ಅಲ್ಲೇ ಅಗಿದು ತೋರಿಸಿತು. ಅಗಿಯುವ ಶಕ್ತಿ ತೃಪ್ತಿಕರವೆಂದು ಮೈಸೂರಿನಿಂದ ಬಂದಿದ್ದ ದೊಡ್ಡ ಡಾಕ್ಟರು ಷರಾ ಬರೆದರು.

ಜನರ ನಡುವೆ ಚಪ್ಪಾಳೆ ತಟ್ಟುತ್ತಿದ್ದ ಕಾಟಮ್ಮನನ್ನು ಪಕ್ಕದ ಮನೆಯ ಪುಟ್ಟಕ್ಕ ತಿವಿದಳು. "ನಿನ್ ಹೆಸ್ರು ಕೂಗ್ತಾವ್ರೆ, ಹೋಗಲ್ವೇನಕ್ಕ?"

"ನಾನ್ಯಾಕ್ ಹೋಗ್ಲಿ? ಅವ್ರು ಹಲ್ಲಿರೋ ಕಾಟಮ್ಮನ್ನ ಕರೀತಾವ್ರೆ ಕಣಮ್ಮ."