ಕೊಡದ ಲೆಕ್ಕ ಮೂರನೇ ಮನೇಲಿ ನಿಂತಿದ್ದು

ಚಿತ್ರದುರ್ಗದ ನಮ್ಮ ಬೀದೀಲಿ ಒಂದು ರಾದ್ಧಾಂತ ಮುಗಿಯೋದ್ರೊಳಗೆ ಇನ್ನೊಂದು ಒಲೆ ಮೇಲೆ ಕುದೀತಿರ್ತೈತೆ. ಇದು ಬೀದಿಗೊಂದೇ ಫೋನಿದ್ದ ಕಾಲದ್ದು.

ಸೀಟಿ ಊದಿ

ನಮ್ಮ ಮಹಡಿ ಮೇಲೆ ಕಾಲೇಜಿನ ಲೆಕ್ಕದ ಮೇಷ್ಟ್ರು ಬಾಡಿಗೆಗಿದ್ರು. ಹೊಳಲ್ಕೆರೆ ಹುಡುಗಿ ಮೇಲೆ ಪ್ರಾಣ. ಅವಳಪ್ಪ ಅಡಿಕೆ ಮಂಡಿ ಸಾವ್ಕಾರ, "ಡಾಕ್ಟರೇಟ್ ಬರೋ ತಂಕ ಹುಡುಗಿ ಕೊಡಲ್ಲ" ಅಂದಿದ್ದ. ಮೇಷ್ಟ್ರು ಓದ್ತಿದ್ದದ್ದು ಅಸಿಂಕ್ರೊನಸ್ ಸೆಲ್ಯುಲಾರ್ ಆಟೊಮೇಟಾ. ನನ್ನ ನಾಲಿಗೆಗೆ ಅದು ಕೊಡದ ಲೆಕ್ಕ. ಅದನ್ನ ಮಾಡಿ ನೋಡಾಕೆ ಒಂದಿನ ಬೀದಿ ಹೆಂಗಸರನ್ನೆಲ್ಲ ಕೂಡಿಸಿ ಮೇಷ್ಟ್ರು ಅಂದ್ರು:

"ಎಲ್ಲರೂ ಬಾಗಿಲಿಗೆ ಒಂದೊಂದು ಕೊಡ ಇಡ್ರಿ. ಎಡಬಲದ ಕೊಡ ಒಂದೇ ಥರ ಇದ್ರೆ ನಿಮ್ದು ಬೋರಲು, ಬ್ಯಾರೆ ಇದ್ರೆ ನೆಟ್ಟಗೆ. ಇಂಥವೇ ಕೆಲವು ಸಣ್ಣ ನಿಯಮದಾಗೆ ಕಂಪ್ಯೂಟರ್ ಮಾಡೋ ಲೆಕ್ಕ ಎಲ್ಲಾ ಮಾಡಬೋದು."

ಮೇಷ್ಟ್ರು ಸೀಟಿ ಊದಿದಾಗೆಲ್ಲ ಎಲ್ಲಾ ಒಟ್ಟಿಗೆ ತಿರುಗಿಸಿದ್ವಿ. ಗಂಡ ಗಂಟಲು ಹರ್ಕಂಡ್ರೂ ಏಳದ ಎದುರುಮನೆಯೋಳು ಸೀಟಿಗೆ ಹಾರಿ ಬಂದ್ಲು. ಮಾರನೇ ದಿನ ಅವಳ ಗಂಡ ಸೀಟಿ ಕೊಂಡ!

ಸೀಟಿ ಇಲ್ದೆ

"ಈಗ ನಿಮ್ಮ ನಿಮ್ಮ ಬಿಡುವಾದಾಗ ತಿರುಗಿಸ್ರಿ" ಅಂದ್ರು ಮೇಷ್ಟ್ರು. ಕೆಲಸ ಇಲ್ಲದೋಳು ಮೇಲಿಂದ ಮೇಲೆ ತಿರುಗಿಸಿದ್ಲು, ರೊಟ್ಟಿ ಬಡಿಯೋಳು ಒಂದ್ಸಲನೂ ಇಲ್ಲ. ಲೆಕ್ಕ ಹಳ್ಳ ಹಿಡೀತು.

ಮೇಷ್ಟ್ರು ವಾರ ಊಟ ಬಿಟ್ಟು ದಾರಿ ಕಂಡ್ಕಂಡ್ರು. "ಒಂದೊಂದು ಸರದಿ ಮುಗಿದಾಗ್ಲೂ ಕೊಡಕ್ಕೊಂದು ಬೊಟ್ಟು: ಮೊದಲು ಅರಿಶಿನ, ಆಮೇಲೆ ಕುಂಕುಮ, ಆಮೇಲೆ ವಿಭೂತಿ, ಮತ್ತೆ ಅರಿಶಿನ. ಬೊಟ್ಟು ನೋಡಿ, ಪಕ್ಕದೋಳು ಹಿಂದೆ ಬಿದ್ದಿದ್ರೆ ಕಾಯ್ರಿ. ಮುಂದೆ ಹೋಗಿದ್ರೆ ಅವಳ ಕೊಡದ ಪಕ್ಕ ಇಟ್ಟಿರೋ ಚೊಂಬು ನೋಡ್ರಿ. ಹಿಂದಿನ ಸರದೀಲಿ ಕೊಡ ಹೆಂಗಿತ್ತೋ ಚೊಂಬು ಹಂಗಿರ್ಲಿ. ಸೀಟಿ ಊದಿ ಮಾಡೋ ಲೆಕ್ಕ ಎಲ್ಲಾ ಸೀಟಿ ಇಲ್ದೇನೂ ಆಗ್ತೈತೆ!"

ಆಯ್ತು ನೋಡ್ರಿ. ನಮ್ಮ ಬೀದಿ ಹೆಂಗಸರು ಒಬ್ಬರ ಸರದಿಗೆ ಒಬ್ಬರು ಕಾಯ್ದಿದ್ದು ಕಂಡು ನಲ್ಲಿ ಬಿಡೋನು ಅತ್ತೇಬಿಟ್ಟ.

ಮೂರನೇ ಮನೆ

ಪರೀಕ್ಷೆ ಮಾಡಾಕೆ ಮೇಷ್ಟ್ರ ಗೈಡು ಬಂದ್ರು. ಭಾವೀ ಮಾವ ಸಾವ್ಕಾರನೂ ಬಂದ. ಲೆಕ್ಕ ಶುರುವಾಯ್ತು, ಸ್ವಲ್ಪ ಹೊತ್ತಿಗೆ ಮೂರನೇ ಮನೆ ಕೊಡ ನಿಂತೋಯ್ತು. ಎಡಬಲದೋರು ಕಾದ್ರು, ಅವರ ಪಕ್ಕದೋರು ಕಾದ್ರು, ಇಡೀ ಬೀದಿ ಗಪ್ಪು.

"ಎಷ್ಟು ನಿಧಾನ ಆದ್ರೂ ಚಿಂತಿಲ್ಲ. ಒಂದು ಮನೆ ಪೂರಾ ನಿಂತ್ರೆ ಲೆಕ್ಕ ಸತ್ತಂಗೆ" ಅಂದ್ರು ಗೈಡು.

ಮೇಷ್ಟ್ರು ಓಡೋಗಿ ಬಾಗಿಲು ದೂಡಿದ್ರು. ಅದು ಒಂಟಿಯಾಗಿದ್ದ ಹೊಲಿಗೆ ಟೀಚರಮ್ಮನ ಮನೆ. ನೀರು ಕುಡ್ಕಂಡು ಬರ್ತೀನಿ ಅಂತ ಹೋಗಿದ್ದ ಸಾವ್ಕಾರ ಚಾಪೆ ಮೇಲೆ ಕುಂತಿದ್ದ. ಟೀಚರಮ್ಮ ಬೀಸಣಿಗೆ ಬೀಸ್ತಾ ಮೆಣಸಿನಕಾಯಿ ಬಜ್ಜಿ ತಿನ್ನಿಸ್ತಿದ್ಲು.

ಸಾವ್ಕಾರ ಬಜ್ಜಿ ನುಂಗಿ, ಮೇಷ್ಟ್ರ ಕೈ ಹಿಡ್ಕಂಡ. "ಅಳಿಯಂದ್ರೇ, ಡಾಕ್ಟರೇಟ್ ಆಮೇಲಾಗ್ಲಿ, ಬರೋ ವಾರನೇ ಲಗ್ನ! ನಮ್ಮನೆಯೋಳಿಗೆ ಮಾತ್ರ ಹೇಳಬ್ಯಾಡ್ರಿ. ಇದು ನಮ್ಮಿಬ್ಬರೊಳಗೇ ಇರ್ಲಿ."

ಅಂದು ತಲೆ ಎತ್ತಿದ್ರೆ, ಕೊಡ ಸೊಂಟಕ್ಕಿಟ್ಕಂಡು ಇಡೀ ಬೀದಿ ಬಾಗಿಲಾಗೆ ನಿಂತೈತೆ. ಎಲ್ಲರಿಗಿಂತ ಮುಂದೆ ನಾನು.