ಪೂಜೆಗೆ ಕೂತ ಕಾರ್ಬುರೇಟರು

ಜಗತ್ತಿನಲ್ಲಿ ಬಿಚ್ಚುವವರಿದ್ದಾರೆ, ಜೋಡಿಸುವವರಿದ್ದಾರೆ. ಎರಡನ್ನೂ ಬಲ್ಲ ಮಹಾಪುರುಷ ದೇವರಾಜ ಮೊಹಲ್ಲಾದಲ್ಲಿ ನಾನೊಬ್ಬನೇ ಎಂದು ಆ ಮಹಾನವಮಿಯ ಬೆಳಿಗ್ಗೆಯವರೆಗೂ ನಂಬಿದ್ದೆ! ಗೋಡೆ ಗಡಿಯಾರ, ಸೀಮೆಎಣ್ಣೆ ಸ್ಟೌ, ಹೊಲಿಗೆ ಯಂತ್ರ, ನನ್ನ ಕೈಗೆ ಸಿಕ್ಕಿ ಬಿಚ್ಚಿಕೊಳ್ಳದೆ ಉಳಿದದ್ದು ಯಾವುದೂ ಇಲ್ಲ. ಅವುಗಳ ಮುಂದಿನ ಗತಿಯ ಬಗ್ಗೆ ನನ್ನ ಹೆಂಡತಿ ಗಿರಿಜಾಂಬಾ ಹೇಳುವುದನ್ನು ಮಾತ್ರ ನೀವು ನಂಬಬೇಡಿ.

ಹೀಗಿರುವಾಗ ನನ್ನ ಭಾಮೈದ ಸುಂದರೇಶ ತನ್ನ ಪುಟ್ಟ ಕೆಂಪು ಮೋಟರ್‌ಬೈಕಿನಲ್ಲಿ ಮಂಡ್ಯದಿಂದ ದಸರೆಗೆ ಬಂದ. ರೇಸಿನವರ ಹಾಗೆ ಮುಂದಕ್ಕೆ ಬಾಗಿಯೇ ಕೂರಬೇಕಾದ ಗಾಡಿ ಅದು. ಹಿಂದುಗಡೆ ನಮ್ಮ ಅತ್ತೆ ಸಿದ್ದಲಿಂಗಮ್ಮನವರು, ಕಣ್ಣು ಮುಚ್ಚಿಕೊಂಡು, ಶಿವನಾಮ ಜಪಿಸುತ್ತಾ!

ದಸರೆ ಒಂದು ನೆಪ. ಅಸಲು ಕೆಲಸ, ಕೆಸರೆಯ ಗುರುಸಿದ್ದಯ್ಯನವರ ಮಗಳು ಸರೋಜಳನ್ನು ನೋಡುವುದು. ಅವರ ನೆಂಟರಿಷ್ಟರೆಲ್ಲ ಹಬ್ಬಕ್ಕೆ ಊರಿಗೆ ಬಂದಿರುವಾಗಲೇ ಆಗಲೆಂದು ಮಹಾನವಮಿಯ ಸಂಜೆಯನ್ನೇ ಗೊತ್ತು ಮಾಡಿದ್ದರು. ಸುಂದರೇಶನಿಗೆ ಆಗಲೇ ಎರಡು ಸಂಬಂಧ ತಪ್ಪಿದ್ದವು. ಇದೂ ತಪ್ಪಿದರೆ ತಾನು ಮದುವೆಯ ಮಾತನ್ನೇ ಎತ್ತುವುದಿಲ್ಲ ಎಂದು ಕೂತಿದ್ದ. ಜೊತೆಗೆ, ನಡುವೆ ನಿಂತವರು "ಹುಡುಗನಿಗೆ ಸ್ವಂತ ಮೋಟರ್‌ಬೈಕಿದೆ" ಎಂದು ಕೆಸರೆಯ ತುಂಬಾ ಡಂಗುರ ಹೊಡೆದಿದ್ದರು.

"ಭಾವ, ಗಾಡಿ ಯಾಕೋ ಸ್ವಲ್ಪ ಕೆಮ್ತಾ ಇದೆ" ಎಂದ ಸುಂದರೇಶ, ಕ್ಷೌರಕ್ಕೆ ಹೊರಡುವ ಮುಂಚೆ.

"ಕೆಮ್ಮಿಗೆ ನಾನು ಧನ್ವಂತರಿ ಕಣಯ್ಯಾ! ನೀನು ಹೋಗಿ ಬಾ, ರಾಜಕುಮಾರನ ಕುದುರೆ ಮಾಡಿಟ್ಟಿರ್ತೀನಿ!"

"ರೀ, ಬ್ಯಾಡ ಕಣ್ರೀ" ಎಂದಳು ಗಿರಿಜಾಂಬಾ. "ಇವತ್ತೊಂದಿನ ಅದನ್ನ ಸುಮ್ನೆ ಬುಟ್ಬುಡಿ."

ಬಿಟ್ಟೇನೆಯೇ? ಕಾರ್ಬುರೇಟರು ಬಿಚ್ಚಿದೆ. ಪ್ಲಗ್ಗು ಬಿಚ್ಚಿದೆ. ಕೈ ಬಿಸಿಯಾಗಿತ್ತು, ಚೈನನ್ನೂ ಬಿಚ್ಚಿದೆ! ಒಂದೊಂದನ್ನೂ ಪೆಟ್ರೋಲಿನಲ್ಲಿ ತೊಳೆದು ಫಳಫಳ ಹೊಳೆಯುವಂತೆ ಒರೆಸಿ, ಯಾವುದೂ ಕಳೆಯಬಾರದೆಂದು ದೊಡ್ಡ ಹಿತ್ತಾಳೆ ತಟ್ಟೆಯಲ್ಲಿ ಸಾಲಾಗಿ ಜೋಡಿಸಿದೆ. ಪಕ್ಕದಲ್ಲಿ ಸ್ಪ್ಯಾನರುಗಳು, ಇಕ್ಕಳ. ಕೈಯೆಲ್ಲ ಮಸಿಯಾಗಿತ್ತು, ಸ್ನಾನ ಮಾಡಿ ಬಂದು ಜೋಡಿಸೋಣ ಎಂದು ಬಚ್ಚಲಿಗೆ ಹೋದೆ.

ಬರುವಷ್ಟರಲ್ಲಿ ದೇವರಮನೆಯಲ್ಲಿ ಗಂಟೆ ನಿಂತಿತ್ತು. ನಮ್ಮ ಅತ್ತೆಯವರು ಕರ್ಪೂರದಾರತಿ ನನ್ನ ಮುಂದೆ ಹಿಡಿದು ಕಣ್ಣೊರೆಸಿಕೊಂಡರು. "ಏನ್ ಅಚ್ಚುಕಟ್ಟು ಅಳಿಯಂದ್ರೇ ನಿಮ್ದು! ಪೂಜೆಗೆ ಅಂತ ಸಾಮಾನೆಲ್ಲ ತೊಳ್ದು ತಟ್ಟೇಲಿ ಜೋಡ್ಸಿಟ್ಟಿದ್ರಲ್ಲ. ನಮ್ಮನೆಯವ್ರು ಒಂದ್ ದಿನಾನೂ ಹಿಂಗೆ ಮಾಡ್ಲಿಲ್ಲ!"

ದೇವಿಯ ಪಟದ ಮುಂದೆ ಕುಡುಗೋಲು, ಕತ್ತರಿ, ಈಳಿಗೆಮಣೆಗಳ ನಡುವೆ ನನ್ನ ತಟ್ಟೆ! ಸ್ಪ್ಯಾನರುಗಳಿಗೆ ವಿಭೂತಿ, ಪ್ಲಗ್ಗಿಗೆ ಕುಂಕುಮ, ಚೈನಿಗೆ ಹೂವಿನ ಹಾರ, ಕಾರ್ಬುರೇಟರಿನ ಬಾಯಿಗೆ ಒಂದು ದಪ್ಪ ಸೇವಂತಿಗೆ! ಅಂಗಳದಲ್ಲಿ ಕರುಳಿಲ್ಲದ ಬೈಕು, ಎರಡು ಬಾಳೆಕಂದು ಕಟ್ಟಿಸಿಕೊಂಡು ನಿಂತಿತ್ತು.

"ಅತ್ತೆ... ಅದನ್ನೊಂದು ಸ್ವಲ್ಪ ಈಚೆಗೆ..."

"ಶಿವಶಿವಾ! ಪೂಜೆಗೆ ಕೂತ ಆಯುಧ ಎತ್ತೋದುಂಟಾ? ನಾಳೆ ದಶಮಿ ಬೆಳಿಗ್ಗೆ ಕದಲ್ಸೋವರ್ಗೂ ಯಾರೂ ಮುಟ್ಟಂಗಿಲ್ಲ. ಶುಭಕಾರ್ಯ ಬೇರೆ ಇದೆ!"

ಮಾರ್ಕೆಟ್ಟಿನ ಹಿಂದಿನ ರಿಪೇರಿ ಅಂಗಡಿಗೆ ಓಡಿದೆ. ಅಲ್ಲಿ ಮೇಸ್ತ್ರಿ ಹುಚ್ಚಯ್ಯ ಮಡಿಯುಟ್ಟು ಕಡ್ಲೆಪುರಿ ಹಂಚುತ್ತಿದ್ದ. ಬೇರೆ ಕಾರ್ಬುರೇಟರು ಕೇಳಿದೆ, ಕಾಲು ಹಿಡಿಯುವುದೊಂದು ಬಾಕಿ.

"ಎಂಗೆ ಕೊಡ್ಲಿ ಸ್ವಾಮಿ? ಇವತ್ತು ಎಲ್ಲಾ ದೇವರು. ಪುರಿ ತಗೊಳಿ!"

ಇಡೀ ಮೈಸೂರಿನಲ್ಲಿ ಒಂದು ಸ್ಪ್ಯಾನರೂ ಮೇಲೇಳುವ ಸ್ಥಿತಿಯಲ್ಲಿರಲಿಲ್ಲ!

ಸುಂದರೇಶ ಬಂದು ನೋಡಿ ನೆಲದಲ್ಲೇ ಕುಸಿದ. "ಭಾವ, ನನ್ ಮದ್ವೆ ಬಿಚ್ಚಾಕ್ಬುಟ್ರಲ್ಲ ಭಾವ!"

ಆ ಮುಖ ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. "ಏಳಯ್ಯಾ! ನೀನು ಬೈಕಿನ ಮೇಲೆ ಕೂತೇ ಕೆಸರೆಗೆ ಹೋಗ್ತೀಯ. ಇದು ನನ್ನ ಪ್ರತಿಜ್ಞೆ!"

ಪ್ರತಿಜ್ಞೆಯ ಅರ್ಥ ಇಷ್ಟೇ: ಹೆಂಗಸರು ಜಟಕಾದಲ್ಲಿ ಮುಂದೆ ಹೋದರು, ಭಾಮೈದ ಇಸ್ತ್ರಿ ಸೂಟು ಹಾಕಿಕೊಂಡು ಬೈಕಿನ ಮೇಲೆ ಕೂತ, ನಾನು ಹಿಂದಿನಿಂದ ತಳ್ಳಿದೆ. ದಸರೆಯ ಜನ ದಾರಿ ಬಿಟ್ಟು ನಿಂತು ನೋಡಿದರು. ಬಾಳೆಕಂದು ಮೂಗಿಗೆ ಬಡಿಯುತ್ತಿತ್ತು. ದಾರಿಯುದ್ದಕ್ಕೂ ಒಂದೇ ಭಯ: ಹೆಣ್ಣಿನ ಕಡೆಯವರು ಸ್ಟಾರ್ಟ್ ಮಾಡಿ ಎಂದರೆ?

ಗುರುಸಿದ್ದಯ್ಯನವರ ಬೀದಿ ಇಳಿಜಾರು. ತಿರುವಿನಲ್ಲಿ ಕೈ ಬಿಟ್ಟೆ. ಸುಂದರೇಶ ಮುಂದಕ್ಕೆ ಬಾಗಿ, ಕ್ರಾಪು ಹಾರಿಸುತ್ತಾ, ಬಾಗಿಲ ಮುಂದೆ ಗಕ್ಕನೆ ನಿಂತ. ಶಭಾಷ್!

"ಅರೆ! ಸದ್ದೇ ಇಲ್ವಲ್ಲ!" ಎಂದರು ಗುರುಸಿದ್ದಯ್ಯ.

ನಾನು ಏದುಸಿರು ಬಿಡುತ್ತಾ ಬಂದು ಸೇರಿ, "ಒಳ್ಳೇ ಗಾಡಿಗಳ ಲಕ್ಷಣ ಅದು!" ಎಂದೆ.

"ಎಲ್ಲಿ, ಒಂದ್ಸಲ ಸ್ಟಾರ್ಟ್ ಮಾಡಿ, ನಮ್ಮೋರೆಲ್ಲ ನೋಡ್ಲಿ."

ಸುಂದರೇಶ ಒದ್ದ. ಮತ್ತೆ ಒದ್ದ. ಸೂಟು ಬೆವರಿನಲ್ಲಿ ತೊಯ್ದಿತು. ಗುರುಸಿದ್ದಯ್ಯನವರು ಬಗ್ಗಿ ನೋಡಿದರು. "ಇದೇನ್ರೀ, ಇಲ್ಲಿ ಬರೀ ತೂತಿದೆ?"

ಇನ್ನೇನು ಮುಚ್ಚಿಡಲಿ? ಕೈ ಮುಗಿದು, ಬಿಚ್ಚಿದ್ದು, ತೊಳೆದದ್ದು, ಪೂಜೆಯಾದದ್ದು ಎಲ್ಲ ಹೇಳಿದೆ. "ತಪ್ಪು ನಂದು. ಹುಡುಗ ಚಿನ್ನದಂಥವನು. ದಯಮಾಡಿ ಸಂಬಂಧ ಬಿಡಬೇಡಿ."

ಸುಂದರೇಶ ತಲೆ ತಗ್ಗಿಸಿದ. ಆಗ ಜಗಲಿಯ ಮೇಲಿದ್ದ ಗುರುಸಿದ್ದಯ್ಯನವರ ತಾಯಿ ಮಾದೇವಮ್ಮನವರು ಗೊಳ್ಳೆಂದು ನಕ್ಕರು.

"ಯಾಕಪ್ಪಾ ಮೊಕ ಸಣ್ಣ ಮಾಡ್ಕತೀಯೆ? ಫಟಫಟಿ ಮೇಲೆ ಓಡಾಡೋ ಗಂಡು ಯಾವತ್ತು ಕೈಕಾಲು ಮುರ್ಕತಾನೋ, ನಾನೊಲ್ಲೆ ಅಂತ ನಮ್ ಸರೋಜ ಬೆಳಗ್ಗಿಂದ ಅಳ್ತಾ ಕೂತವ್ಳೆ. ಈಗ ನೋಡು, ಕಿಟಕೀಲಿ ನಗ್ತಾವ್ಳೆ!"

ಎಲ್ಲರೂ ಕಿಟಕಿಯತ್ತ ತಿರುಗಿದರು. ಬಳೆ ಸದ್ದಾಗಿ ಯಾರೋ ಒಳಗೆ ಓಡಿಹೋದರು. ಸುಂದರೇಶನ ಮುಖದಲ್ಲಿ ಹಬ್ಬದ ಕಳೆ ಬಂತು.

"ಸಂಬಂಧ ಒಪ್ಪಿಗೆ," ಎಂದ ಅಜ್ಜಿ ನನ್ನ ಕಡೆ ಬೆರಳು ತೋರಿಸಿದರು. "ಆದ್ರೆ ಒಂದ್ ಮಾತು. ಇನ್ಮೇಲೂ ಗಾಡಿ ರಿಪೇರಿ ಇವ್ರ ಕೈಲೇ ಮಾಡಿಸ್ಬೇಕು. ಆಗ ನಮ್ ಮಗು ದೀರ್ಘ ಮುತ್ತೈದೆಯಾಗಿ ಬಾಳ್ತದೆ!"